ಎರಡು ದಿನದ ಪ್ಯಾರಿಸ್: ಹೊತ್ತು ತರಬೇಕಾದುದು ಏನು?

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳ ಮುಸ್ಲಿಮ್ ಮನೆಗಳಲ್ಲಿ ಮಗನೋ ಮಗಳೋ ಕೆನಡಾದಲ್ಲಿ, ಅಮೆರಿಕದಲ್ಲಿ ನೆಲೆಸಿರುವುದು ಈಗ ಅಪರೂಪದ ಸಂಗತಿಯಲ್ಲ. ಮೊಮ್ಮಕ್ಕಳನ್ನು ನೋಡಲೆಂದು ಅಜ್ಜ ಅಜ್ಜಿಯರು, ರಜೆಯಲ್ಲಿ ಅಣ್ಣನ ಮನೆಗೆಂದು ತಂಗಿಯ ಕುಟುಂಬ ಹೊರಡುವುದು ಸಾಮಾನ್ಯವಾಗಿದೆ. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಅಲ್ಲಿ ಇಳಿದು ಮತ್ತೊಂದು ವಿಮಾನ ಹಿಡಿಯುವವರಲ್ಲಿ ಹಲವರು, ಹೇಗೂ ಅಷ್ಟು ದೂರ ಹೋಗುತ್ತಿದ್ದೇವೆ, ಎರಡು ದಿನ ನಿಂತು ಊರು ನೋಡಿಕೊಂಡೇ ಹೋಗೋಣ ಎಂದು ಯೋಚಿಸುತ್ತಾರೆ. ಷೆಂಗೆನ್ ವೀಸಾ ಪಡೆದು, ಹೊಟೇಲ್ ಕಾಯ್ದಿರಿಸಿ, ಪಟ್ಟಿ ಸಿದ್ಧಪಡಿಸುತ್ತಾರೆ. ಪಟ್ಟಿಯ ಮೊದಲ ಸಾಲಿನಲ್ಲಿ ಐಫೆಲ್ ಗೋಪುರ. ಕೊನೆಯ ಸಾಲಿನಲ್ಲಿ ಸುಗಂಧದ ಅಂಗಡಿ.

ಇಂತಹ ಪ್ರವಾಸದ ಕುರಿತು ಮದ್ರಸದ ಅಧ್ಯಾಪಕರಾದ ನಮ್ಮಲ್ಲಿ ಜನರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಇದು ಅನುಮತಿಸಲ್ಪಟ್ಟಿದೆಯೇ, ಅಲ್ಲವೇ? ಪ್ರಶ್ನೆ ಅಗತ್ಯವಾದುದೇ, ಆದರೆ ಅದು ಅಪೂರ್ಣವಾದುದು. ಹಲಾಲ್ ಸಂಪಾದನೆಯಿಂದ, ಕಡ್ಡಾಯ ಕರ್ತವ್ಯಗಳಿಗೆ ಚ್ಯುತಿ ಬಾರದಂತೆ ಒಂದು ನಗರವನ್ನು ನೋಡುವುದು ಮೂಲತಃ ಅನುಮತಿಸಲ್ಪಟ್ಟ ವಿಷಯ. ಅದರಾಚೆಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಎರಡು ದಿನಗಳಿಂದ ನಾವು ಮನೆಗೆ ಏನನ್ನು ಹೊತ್ತು ತರುತ್ತೇವೆ?

ಪವಿತ್ರ ಕುರ್‌ಆನ್ ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಮನುಷ್ಯನಿಗೆ ಒಂದಲ್ಲ, ಹಲವು ಬಾರಿ ಹೇಳುತ್ತದೆ. ಆದರೆ ಎಲ್ಲಿಯೂ ಅದು ಸಂಚಾರವನ್ನು ಮಾತ್ರ ಹೇಳಿ ನಿಲ್ಲಿಸುವುದಿಲ್ಲ. ಸಂಚಾರದ ಜೊತೆಗೆ ನೋಟವನ್ನೂ, ನೋಟದ ಜೊತೆಗೆ ಮುಂಚಿನವರ ಅಂತ್ಯವೇನಾಯಿತೆಂಬ ಚಿಂತನೆಯನ್ನೂ ಸೇರಿಸಿಯೇ ಹೇಳುತ್ತದೆ. ಕಾಲುಗಳಷ್ಟೇ ನಡೆದು ಹೃದಯವು ಮನೆಯಲ್ಲೇ ಉಳಿದರೆ ಅದನ್ನು ಕುರ್‌ಆನ್ ಬಯಸಿದ ಸಂಚಾರವೆನ್ನಲಾಗದು. ನಮ್ಮ ವಿದ್ವಾಂಸರು ಇದನ್ನು ‘ಇಬ್ರತ್’ ಎಂದು ಕರೆದರು. ಒಂದು ದೃಶ್ಯವನ್ನು ದಾಟಿ ಅದರ ಹಿಂದಿರುವ ಪಾಠಕ್ಕೆ ತಲುಪುವುದೇ ಇಬ್ರತ್.

ತಂಗುವ ಕಾಲ ಚಿಕ್ಕದಾಗಿದ್ದರೆ ಪಾಠವೂ ಚಿಕ್ಕದಾಗಬೇಕೆಂದೇನೂ ಇಲ್ಲ. 14ನೇ ಶತಮಾನದಲ್ಲಿ ಮೊರೊಕ್ಕೊ ದೇಶದ ಇಬ್ನ್ ಬತೂತಾ ನಮ್ಮ ಉತ್ತರ ಕನ್ನಡದ ಹೊನ್ನಾವರಕ್ಕೆ ಬಂದ. ಅವನ ಪಾಲಿಗೆ ಅದು ಬಹು ದೀರ್ಘ ಪಯಣದ ಒಂದು ನಿಲ್ದಾಣ. ಆ ಊರಿನ ಬಗ್ಗೆ ಅವನು ಬರೆದಿಟ್ಟದ್ದು ಸಮುದ್ರ ತೀರದ ಸೊಬಗನ್ನಷ್ಟೇ ಅಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದುದನ್ನು, ಅಲ್ಲಿನ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದ್ದುದನ್ನು ಅವನು ದಾಖಲಿಸಿದ. ಅಪರಿಚಿತ ಊರಿಗೆ ಕಾಲಿಟ್ಟಾಗ ಶಾಲೆಗಳನ್ನು ಎಣಿಸುವ ಕಣ್ಣು ಅವನದು. ಆ ಒಂದು ಸಾಲಿನಿಂದಾಗಿಯೇ ಇಂದು ನಮಗೆ ನಮ್ಮ ಕರಾವಳಿಯ ಪೂರ್ವಜರ ವಿದ್ಯಾಪ್ರೇಮದ ಪರಿಚಯವಾಗುತ್ತದೆ. ನಮ್ಮ ಪ್ರವಾಸದ ಸಾವಿರ ಚಿತ್ರಗಳಲ್ಲಿ ಇಂತಹ ಒಂದು ಸಾಲಾದರೂ ಇರುತ್ತದೆಯೇ?

ಪ್ಯಾರಿಸ್‌ನ ವಿಷಯಕ್ಕೆ ಬಂದರೆ, ಕನ್ನಡ ನಾಡಿನ ಮುಸ್ಲಿಮರು ಆ ನಗರವನ್ನು ಕಾಣುತ್ತಿರುವುದು ಇದೇ ಮೊದಲಲ್ಲ. 1787ರ ಜುಲೈಯಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಪಾಂಡಿಚೇರಿಯಿಂದ ಹಡಗನ್ನೇರಿದರು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಎಂಬುದು ಅವರ ಹೆಸರುಗಳು. ಸುಮಾರು ಹನ್ನೊಂದು ತಿಂಗಳ ಬಳಿಕ, 1788ರ ಜೂನ್‌ನಲ್ಲಿ ಅವರು ಫ್ರಾನ್ಸಿನ ತೂಲೋನ್ ಬಂದರನ್ನು ತಲುಪಿದರು. ಜುಲೈಯಲ್ಲಿ ಪ್ಯಾರಿಸ್ ಸೇರಿದರು. ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ದೊರೆ 16ನೇ ಲೂಯಿಯನ್ನು ಭೇಟಿಯಾದರು. ಆಂಗ್ಲರ ವಿರುದ್ಧ ಸೈನಿಕ ನೆರವನ್ನು ಕೋರುವುದು ಅವರ ಮುಖ್ಯ ಕಾರ್ಯವಾಗಿತ್ತು. ಖಜಾನೆ ಬರಿದಾಗಿದ್ದ ದೊರೆಯಿಂದ ಸೌಜನ್ಯದ ಮಾತುಗಳು ದೊರೆತವೇ ಹೊರತು ಸೈನ್ಯ ದೊರೆಯಲಿಲ್ಲ.

ಆ ಕೆಲವು ತಿಂಗಳುಗಳಲ್ಲಿ ಅವರು ಪ್ಯಾರಿಸನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಪ್ಯಾರಿಸ್ ಅವರನ್ನು ನೋಡಿತು. ಅವರ ಮಸ್ಲಿನ್ ಉಡುಪು, ಪೇಟ, ಗಡ್ಡಗಳನ್ನು ನೋಡಲು ಜನ ಮುಗಿಬಿದ್ದರು. ಸೇಂಟ್ ಕ್ಲೌಡ್‌ನ ಉದ್ಯಾನದಲ್ಲಿ ಅವರು ನಡೆದಾಡಿದ ದೃಶ್ಯವನ್ನು ಒಬ್ಬ ಕಲಾವಿದ ಚಿತ್ರಿಸಿದ. ಆ ಕಾಲದ ಪ್ರಸಿದ್ಧ ಚಿತ್ರಕಾರ್ತಿ ವಿಜೆ ಲೆ ಬ್ರನ್ ದರ್ವೇಶ್ ಖಾನ್‌ರ ಆಳೆತ್ತರದ ಚಿತ್ರವನ್ನು ಬರೆದಳು. ತನ್ನ ಚಿತ್ರ ಬರೆಸಿಕೊಳ್ಳಲು ಅವರು ಮೊದಲಿಗೆ ಒಪ್ಪಿರಲಿಲ್ಲ, ದೊರೆಯ ಕೋರಿಕೆ ಬಂದ ಮೇಲಷ್ಟೇ ಒಪ್ಪಿದರು ಎಂದು ಆಕೆಯೇ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. 2019ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಆ ಚಿತ್ರ 70 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಪ್ಯಾರಿಸ್‌ನಲ್ಲಿ ತನ್ನ ಚಿತ್ರವೇ ಬೇಡವೆಂದಿದ್ದವರು ಅಂದು ಹೋದರು. ತಮ್ಮ ಚಿತ್ರಕ್ಕಾಗಿಯೇ ಹೋಗುವವರು ನಾವಿಂದು ಆಗಿದ್ದೇವೆಯೇ ಎಂದು ನಾವೇ ಯೋಚಿಸಬೇಕು.

ಈ ಘಟನೆಯಲ್ಲಿ ಇಬ್ರತ್‌ನ ಎರಡು ಮುಖಗಳಿವೆ.

ಮೊದಲನೆಯದು ಅಧಿಕಾರದ ಅಸ್ಥಿರತೆ. ರಾಯಭಾರಿಗಳು ದೊರೆಯ ಮುಂದೆ ನಿಂತ ದಿನದಿಂದ ಒಂದು ವರ್ಷ ತುಂಬುವ ಮೊದಲೇ, 1789ರ ಜುಲೈ 14ರಂದು ಬಾಸ್ಟಿಲ್ ಕೋಟೆಯು ಜನರ ಕೈಸೇರಿತು. 1793ರ ಜನವರಿಯಲ್ಲಿ ಅದೇ ದೊರೆಯ ಶಿರಚ್ಛೇದವಾಯಿತು. ಇತ್ತ ನಮ್ಮ ಬೆಂಗಳೂರಿನಲ್ಲಿ ಹೈದರ್ ಅಲಿ ಆರಂಭಿಸಿದ್ದ ಬೇಸಿಗೆ ಅರಮನೆಯನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ. ಸ್ವರ್ಗಕ್ಕೂ ಅಸೂಯೆ ತರುವಂಥದ್ದು ಎಂಬ ಅರ್ಥದ ‘ರಶ್ಕೆ ಜನ್ನತ್’ ಎಂಬ ಹೆಸರು ಆ ಕಟ್ಟಡಕ್ಕಿತ್ತು. ಅದೇ ವರ್ಷದ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆಯನ್ನು ವಶಪಡಿಸಿಕೊಂಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವೂ ಹುತಾತ್ಮನಾದ. ಸ್ವರ್ಗವನ್ನೇ ಅಣಕಿಸುವ ಹೆಸರಿನ ಆ ಅರಮನೆ ಮುಂದೆ ಆಂಗ್ಲರ ಕಚೇರಿಯಾಯಿತು. ದಿನಗಳನ್ನು ಜನರ ನಡುವೆ ಸರದಿಯಂತೆ ತಿರುಗಿಸುತ್ತಿರುತ್ತೇವೆಂಬ ದೈವಿಕ ನಿಯಮಕ್ಕೆ ವರ್ಸೈಯೂ ಸಾಕ್ಷಿ, ನಮ್ಮ ಆಲ್ಬರ್ಟ್ ವಿಕ್ಟರ್ ರಸ್ತೆಯ ಮರದ ಕಂಬಗಳೂ ಸಾಕ್ಷಿ.

ಎರಡನೆಯದು ಇನ್ನೂ ಮುಖ್ಯವಾದುದು. ರಾಯಭಾರಿಗಳು ಫ್ರಾನ್ಸಿನಲ್ಲಿ ಕೇಳಿದ್ದು ಸೈನ್ಯವನ್ನು ಮಾತ್ರವಲ್ಲ. ಅವರ ಬೇಡಿಕೆಯ ಪಟ್ಟಿಯಲ್ಲಿ ಗಡಿಯಾರ ತಯಾರಿಸುವವರು, ಗಾಜಿನ ಕೆಲಸದವರು, ಪಿಂಗಾಣಿ ಮಾಡುವವರು, ನೇಕಾರರು, ಮುದ್ರಕರು, ವೈದ್ಯರು ಇದ್ದರು. ಹಣ್ಣಿನ ಗಿಡಗಳು, ಹೂವಿನ ಬೀಜಗಳು, ಅವನ್ನು ನೋಡಿಕೊಳ್ಳುವ ತೋಟಗಾರರೂ ಇದ್ದರು. ಸೈನ್ಯವು ಸಿಗದಿದ್ದರೂ ಹಲವು ಕುಶಲಕರ್ಮಿಗಳು ಅವರೊಂದಿಗೆ ಮೈಸೂರಿಗೆ ಬಂದರು. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗನ್ನು ದೇಶ ವಿದೇಶಗಳ ಸಸ್ಯಗಳಿಂದ ಬೆಳೆಸಿದವನು ಇದೇ ಟಿಪ್ಪು. ಯುದ್ಧದ ನೆರವಿಗೆಂದು ಕಳುಹಿಸಿದ ದೂತರ ಕೈಯಲ್ಲಿ ಹೂವಿನ ಬೀಜದ ಪಟ್ಟಿಯನ್ನೂ ಕೊಟ್ಟು ಕಳುಹಿಸಿದ ಆ ಮನಸ್ಸನ್ನು ಗಮನಿಸಿರಿ. ಪರದೇಶದಿಂದ ತರಬೇಕಾದುದು ನೆಟ್ಟರೆ ಬೆಳೆಯುವಂಥದ್ದಾಗಿರಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಬಸವನಗುಡಿಯವರು ಪ್ರತಿದಿನ ಮುಂಜಾನೆ ಪಶ್ಚಿಮ ದ್ವಾರದಿಂದ ಪ್ರವೇಶಿಸಿ ನಡೆದಾಡುವುದು ಆ ತಿಳಿವಳಿಕೆಯ ನೆರಳಿನಲ್ಲಿಯೇ.

ಹಾಗಾದರೆ ಎರಡು ದಿನ ಪ್ಯಾರಿಸ್‌ನಲ್ಲಿರುವ ಕುಟುಂಬ ಏನನ್ನು ನೋಡಬಹುದು? ಗೋಪುರವನ್ನು ನೋಡಬೇಡಿರೆಂದು ನಾನು ಹೇಳಲಾರೆ. 1889ರಲ್ಲಿ ಫ್ರೆಂಚ್ ಕ್ರಾಂತಿಯ ನೂರನೇ ವರ್ಷದ ನೆನಪಿಗೆ ಅದು ಎದ್ದು ನಿಂತಿತು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಶಿಲಾನ್ಯಾಸವಾದುದೂ ಅದೇ ವರ್ಷ. ಕಬ್ಬಿಣದಿಂದ ಏನನ್ನೆಲ್ಲ ಕಟ್ಟಬಹುದೆಂದು ಜಗತ್ತು ಕಲಿಯುತ್ತಿದ್ದ ಕಾಲವದು. ಮಕ್ಕಳಿಗೆ ಇದನ್ನು ಹೇಳಿ ತೋರಿಸಿದರೆ ಗೋಪುರವೂ ಪಾಠವಾಗುತ್ತದೆ.

ಆದರೆ ಅರ್ಧ ದಿನವನ್ನಾದರೂ ಸೀನ್ ನದಿಯ ಎಡದಂಡೆಯ ಒಂದು ಪ್ರದೇಶಕ್ಕೆ ಮೀಸಲಿಡಿರಿ. ಅಲ್ಲಿ ಹಳೆಯ ರಾಜೋದ್ಯಾನವಿದೆ. ಟಿಪ್ಪುವಿನ ದೂತರ ಕಾಲದಲ್ಲಿ ಅದು ಸಸ್ಯವಿಜ್ಞಾನಕ್ಕೆ ಯುರೋಪಿನಲ್ಲೇ ಹೆಸರಾದ ತೋಟವಾಗಿತ್ತು. ಕ್ರಾಂತಿಯ ಬಳಿಕ ಸಸ್ಯೋದ್ಯಾನವೆಂಬ ಹೆಸರು ಪಡೆಯಿತು. ಅದರ ಮಗ್ಗುಲಲ್ಲೇ 33 ಮೀಟರ್ ಎತ್ತರದ ಮಿನಾರ ಕಾಣುತ್ತದೆ. ಅದು ಪ್ಯಾರಿಸ್‌ನ ಮಹಾ ಮಸೀದಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಪ್ರಾಣ ತೆತ್ತ ಮುಸ್ಲಿಮ್ ಸೈನಿಕರ ಋಣವನ್ನು ನೆನೆದು ಕಟ್ಟಲಾದ ಈ ಮಸೀದಿ 1926ರ ಜುಲೈಯಲ್ಲಿ ಉದ್ಘಾಟನೆಯಾಯಿತು. ಅಲ್ಜೀರಿಯವನ್ನು ಆಳುತ್ತಿದ್ದ ಅದೇ ಸರಕಾರ ಆ ಜನರ ತ್ಯಾಗಕ್ಕೆ ಮಸೀದಿ ಕಟ್ಟಿಸಿತೆಂಬ ವೈರುಧ್ಯವನ್ನೂ ಮರೆಯಬಾರದು. ಎರಡನೆಯ ಮಹಾಯುದ್ಧದಲ್ಲಿ ನಾಝಿಗಳು ಪ್ಯಾರಿಸನ್ನು ಆಕ್ರಮಿಸಿದ್ದಾಗ ಇದೇ ಮಸೀದಿಯು ಯಹೂದಿಯರಿಗೆ ಆಶ್ರಯ ನೀಡಿತು. ಅಂದು ಅದರ ಮುಖ್ಯಸ್ಥರಾಗಿದ್ದವರು ಸಿ ಕದ್ದೂರ್ ಬೆನ್‌ಗಬ್ರೀತ್. ಅಲ್ಲಿ ಎರಡು ರಕಅತ್ ನಿರ್ವಹಿಸಿ, ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಈ ಕಥೆಯನ್ನು ಹೇಳಿರಿ. ಮರ್ದಿತನಿಗೆ ಆಶ್ರಯ ನೀಡುವಾಗ ಅವನ ಧರ್ಮವನ್ನು ಕೇಳಬಾರದೆಂಬ ಪಾಠವನ್ನು ಹತ್ತು ಪ್ರವಚನಗಳಿಗಿಂತ ಆ ಅಂಗಳ ಚೆನ್ನಾಗಿ ಕಲಿಸುತ್ತದೆ.

ನದಿಯ ದಂಡೆಗೆ ನಡೆದರೆ 1987ರಲ್ಲಿ ತೆರೆದ ಅರಬ್ ಜಗತ್ತಿನ ಸಂಸ್ಥೆಯ ಕಟ್ಟಡವಿದೆ. ಅರಬ್ ಮನೆಗಳ ಜಾಲಂಧ್ರದ ಮಾದರಿಯಲ್ಲಿ, ಬೆಳಕಿಗೆ ತಕ್ಕಂತೆ ತೆರೆದು ಮುಚ್ಚುವ ಲೋಹದ ಕಿಟಕಿಗಳನ್ನು ಅದಕ್ಕೆ ರೂಪಿಸಲಾಗಿದೆ. ಲೂವ್ರ್ ವಸ್ತುಸಂಗ್ರಹಾಲಯದಲ್ಲಿ 2012ರಲ್ಲಿ ತೆರೆದ ಇಸ್ಲಾಮೀ ಕಲೆಯ ವಿಭಾಗವೂ ಇದೆ. ಮೋನಾಲಿಸಾ ಚಿತ್ರದ ಮುಂದಿನ ನೂಕುನುಗ್ಗಲಿನಲ್ಲಿ ಅದನ್ನು ಮರೆತು ಬರುವವರೇ ಹೆಚ್ಚು. ಲೂವ್ರ್‌ಗೆ ಮಂಗಳವಾರ ರಜೆಯೆಂಬುದು ನೆನಪಿರಲಿ.

ಇನ್ನೊಂದು ಹೆಸರನ್ನೂ ಪ್ರಯಾಣಿಕರು ತಿಳಿದಿರಬೇಕು: ಡಾ. ಮುಹಮ್ಮದ್ ಹಮೀದುಲ್ಲಾಹ್. 1908ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಅವರು ತಮ್ಮ ಬದುಕಿನ ದೀರ್ಘ ಕಾಲವನ್ನು ಪ್ಯಾರಿಸ್‌ನಲ್ಲಿ ಕಳೆದರು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಅಂದು ಅದೇ ಸಂಸ್ಥಾನದಲ್ಲಿದ್ದವು. ಪವಿತ್ರ ಕುರ್‌ಆನಿನ ಫ್ರೆಂಚ್ ಅನುವಾದವನ್ನು ಅವರು 1959ರಲ್ಲಿ ಪ್ರಕಟಿಸಿದರು; ಆರಂಭಕಾಲದ ಹದೀಸ್ ಸಂಗ್ರಹವಾದ ಹಮ್ಮಾಮ್ ಇಬ್ನ್ ಮುನಬ್ಬಿಹ್‌ರ ಹಸ್ತಪ್ರತಿಯನ್ನು ಹುಡುಕಿ ಬೆಳಕಿಗೆ ತಂದರು. ಆಡಂಬರಕ್ಕೆ ಹೆಸರಾದ ನಗರದಲ್ಲಿ ಅವರು ಸರಳವಾಗಿ ಬದುಕಿದರು. ಪ್ಯಾರಿಸ್ ಎಂದೊಡನೆ ಸುಗಂಧವನ್ನು ನೆನೆಯುವ ನಮ್ಮ ಯುವಕರು ಈ ವಿದ್ವಾಂಸರನ್ನೂ ನೆನೆಯುವಂತಾಗಬೇಕು.

ಈಗ ಪ್ರಯಾಣಿಕನ ಕರ್ತವ್ಯಗಳ ಕುರಿತು ಕೆಲವು ಮಾತು. ಊರು ನೋಡುವ ಭರದಲ್ಲಿ ಮೊದಲು ಬಲಿಯಾಗುವುದು ನಮಾಝ್. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯಾಸ್ತದ ವೇಳೆಯಲ್ಲಿ ಸುಮಾರು ಒಂದು ಗಂಟೆಯಷ್ಟೇ ವ್ಯತ್ಯಾಸವಿರುತ್ತದೆ. ಪ್ಯಾರಿಸ್‌ನಲ್ಲಿ ಹಾಗಲ್ಲ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೆ. ಬೇಸಿಗೆಯಲ್ಲಿ ಇಶಾ ನಡುರಾತ್ರಿಯ ಹತ್ತಿರಕ್ಕೆ ಸರಿಯುತ್ತದೆ. ಚಳಿಗಾಲದಲ್ಲಿ ಝುಹ್ರ್, ಅಸ್ರ್, ಮಗ್ರಿಬ್‌ಗಳು ಒಂದರ ಹಿಂದೆ ಒಂದು ಬೇಗಬೇಗನೆ ಬರುತ್ತವೆ. ವೇಳಾಪಟ್ಟಿಯನ್ನು ಹೊರಡುವ ಮೊದಲೇ ನೋಡಿಟ್ಟುಕೊಳ್ಳಬೇಕು. ಅಲ್ಲಾಹನು ಪ್ರಯಾಣಿಕನಿಗೆ ಸೌಲಭ್ಯವನ್ನು ನೀಡಿದ್ದಾನೆ. ಹನಫೀ ಮದ್ಹಬ್‌ನಂತೆ ಒಂದೆಡೆ 15 ದಿನಕ್ಕಿಂತ ಕಡಿಮೆ ತಂಗುವ ಸಂಕಲ್ಪವುಳ್ಳವನು ನಾಲ್ಕು ರಕಅತ್‌ನ ಕಡ್ಡಾಯ ನಮಾಝನ್ನು ಎರಡಾಗಿ ನಿರ್ವಹಿಸುತ್ತಾನೆ. ಕರಾವಳಿಯ ನಮ್ಮ ಬ್ಯಾರಿ ಸಹೋದರರು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ, ಬಂದ ದಿನ ಮತ್ತು ಹೊರಡುವ ದಿನಗಳನ್ನು ಬಿಟ್ಟು ನಾಲ್ಕು ದಿನಕ್ಕಿಂತ ಕಡಿಮೆ ತಂಗುವವನಿಗೆ ಈ ಸೌಲಭ್ಯವಿದ್ದು, ಎರಡು ನಮಾಝ್‌ಗಳನ್ನು ಒಟ್ಟುಗೂಡಿಸುವ ಅನುಮತಿಯೂ ಇದೆ. ಇಷ್ಟು ಸುಲಭಗೊಳಿಸಿದ ಮೇಲೂ ಗೋಪುರದ ಸರತಿ ಸಾಲಿನಲ್ಲಿ ನಮಾಝ್ ತಪ್ಪಿತೆಂದರೆ ಅದಕ್ಕೆ ಕಾರಣ ಪ್ರಯಾಣವಲ್ಲ, ನಮ್ಮ ಉದಾಸೀನತೆ.

ಮತ್ತೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಫ್ರಾನ್ಸಿನಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖವನ್ನು ಮುಚ್ಚುವುದು 2010ರ ಕಾನೂನಿನಂತೆ ನಿಷಿದ್ಧ. 2011ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಮೀರಿದರೆ 150 ಯೂರೋವರೆಗೆ ದಂಡವಿದೆ. ತಲೆಗೆ ವಸ್ತ್ರ ಧರಿಸಿ ಮುಖ ತೆರೆದಿರುವ ಮಹಿಳೆ ಬೀದಿಯಲ್ಲಿ ನಡೆಯಲು ಅಡ್ಡಿಯಿಲ್ಲ. ಆದರೆ ನಮ್ಮಲ್ಲಿ ನಿಖಾಬ್ ಧರಿಸುವ ತಾಯಂದಿರೂ ಸಹೋದರಿಯರೂ ಇದ್ದಾರೆ. ಅನೇಕರಿಗೆ ಈ ಕಾನೂನು ತಿಳಿಯುವುದು ವಿಮಾನದಿಂದ ಇಳಿದ ಮೇಲೆಯೇ. ಆಗ ಮಗನೋ ಗಂಡನೋ, ಎರಡು ದಿನದ ಮಟ್ಟಿಗೆ ತೆಗೆದುಬಿಡು, ಯಾರು ನೋಡುತ್ತಾರೆ ಎಂದು ಒತ್ತಾಯಿಸುವುದುಂಟು. ಈ ಒತ್ತಾಯ ಅನ್ಯಾಯವೆಂಬುದು ನನ್ನ ಖಚಿತ ಅಭಿಪ್ರಾಯ. ಮುಖ ಮುಚ್ಚುವುದು ಕಡ್ಡಾಯವೇ ಅಲ್ಲವೇ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅದನ್ನು ತನ್ನ ವಿಶ್ವಾಸದ ಭಾಗವೆಂದು ಹತ್ತಾರು ವರ್ಷ ಪಾಲಿಸಿಕೊಂಡು ಬಂದವಳ ಮನಸ್ಸನ್ನು ಒಂದು ಚಿತ್ರಕ್ಕಾಗಿ ನೋಯಿಸುವುದರಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ; ಅದು ತಪ್ಪು. ವಿನೋದ ಪ್ರವಾಸ ಅನಿವಾರ್ಯತೆಯಲ್ಲ. ಟಿಕೆಟ್ ಕೊಳ್ಳುವ ಮೊದಲೇ ಆಕೆಯನ್ನು ಕೇಳಿರಿ. ಆಕೆ ಬೇಡವೆಂದರೆ ಬೇರೆ ದಾರಿಯ ವಿಮಾನಗಳಿವೆ. ತಾನಾಗಿಯೇ ಬೇರೆ ನಿರ್ಧಾರ ಕೈಗೊಂಡರೆ ಅದು ಆಕೆಯ ವಿವೇಚನೆ. ಅದರ ಮೇಲೆ ಮೊಹಲ್ಲಾದಲ್ಲಿ ಮಾತು ಬೆಳೆಸುವ ಹಕ್ಕು ಯಾರಿಗೂ ಇಲ್ಲ.

ಖರ್ಚಿನ ಕುರಿತೂ ಇಷ್ಟೇ ಸ್ಪಷ್ಟವಾಗಿರೋಣ. ಬಡ್ಡಿಯ ಸಾಲದಿಂದ, ಕ್ರೆಡಿಟ್ ಕಾರ್ಡಿನ ಕಂತಿನಿಂದ ನೋಡುವ ನಗರ ಕಣ್ಣಿಗೆ ಎಷ್ಟೇ ಸುಂದರವಾಗಿದ್ದರೂ ಬರಕತ್ ತರದು. ತಂದೆಯ ಔಷಧಿ, ತಂಗಿಯ ಶಾಲಾ ಶುಲ್ಕ, ಕೊಡಬೇಕಾದ ಝಕಾತ್ ಬಾಕಿಯಿರುವಾಗ ಎರಡು ದಿನದ ತಂಗುವಿಕೆಯನ್ನು ಕೈಬಿಡುವುದೇ ಬುದ್ಧಿವಂತಿಕೆ.

ಈ ಮಾತನ್ನು ಹಿಡಿದು ಕೆಲವರು, ಹಾಗಿದ್ದರೆ ಪ್ರವಾಸವನ್ನೇ ಬಿಟ್ಟು ಆ ಹಣವನ್ನು ಬಡವರಿಗೆ ಕೊಡಬಹುದಲ್ಲ ಎನ್ನುತ್ತಾರೆ. ದಾನದ ಮಹತ್ವವನ್ನು ಯಾರೂ ಅಲ್ಲಗಳೆಯರು. ಆದರೆ ನಮ್ಮ ಸಮುದಾಯವು ಮದುವೆಯ ಮಂಟಪಕ್ಕೂ ಹೊಸ ಮೊಬೈಲ್‌ಗೂ ಸುರಿಯುವ ಹಣದ ಮುಂದೆ, ಕಲಿಯಲೆಂದು ಮಾಡುವ ಪ್ರಯಾಣವನ್ನು ಮಾತ್ರ ದುಂದುವೆಚ್ಚವೆಂದು ಕರೆಯುವುದು ನ್ಯಾಯವಲ್ಲ. ಹದೀಸ್ ಸಂಗ್ರಹಿಸಿದ ಇಮಾಮರು ಒಂದೊಂದು ವಚನಕ್ಕಾಗಿ ತಿಂಗಳುಗಟ್ಟಲೆ ನಡೆದರು. ಪ್ರಯಾಣವನ್ನು ಕೀಳಾಗಿ ಕಾಣುವ ಪರಂಪರೆ ನಮ್ಮದಲ್ಲ. ಕಲಿಕೆಯಿಲ್ಲದ ಪ್ರಯಾಣವನ್ನೇ ನಾವು ಪ್ರಶ್ನಿಸಬೇಕಾಗಿರುವುದು.

ಕಲಿಕೆಗೆ ಸಿದ್ಧತೆ ಬೇಕು. ಎರಡು ದಿನದಲ್ಲಿ ಕಣ್ಣು ಗುರುತಿಸುವುದು ಮನಸ್ಸಿಗೆ ಮೊದಲೇ ಪರಿಚಯವಿರುವುದನ್ನು ಮಾತ್ರ. ಆ ಸಿದ್ಧತೆಗೆ ಪ್ಯಾರಿಸ್‌ವರೆಗೆ ಹೋಗಬೇಕಾಗಿಲ್ಲ. ಚಾಮರಾಜಪೇಟೆಯಿಂದ ಟಿಪ್ಪುವಿನ ಅರಮನೆಗೆ ನಡೆದು ಹೋಗಬಹುದು. ಅಲ್ಲಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ನಡೆದರೆ ಹೈದರ್ ಅಲಿ 1761ರಲ್ಲಿ ಕಲ್ಲಿನಿಂದ ಕಟ್ಟಿಸಿದ ಕೋಟೆಯ ದ್ವಾರವಿದೆ. ಹಣ್ಣು ತರಕಾರಿ ಕೊಳ್ಳಲೆಂದು ಅದರ ಮುಂದೆಯೇ ನೂರು ಬಾರಿ ಹಾದುಹೋದ ನಮ್ಮ ಮಕ್ಕಳಲ್ಲಿ ಅದರ ಒಳಹೊಕ್ಕವರು ಬೆರಳೆಣಿಕೆಯಷ್ಟು. ತರಗತಿಯಲ್ಲಿ ಐಫೆಲ್ ಗೋಪುರದ ಚಿತ್ರ ತೋರಿಸಿದರೆ ಎಲ್ಲ ಕೈಗಳೂ ಮೇಲೇಳುತ್ತವೆ. ಕೋಟೆಯ ದ್ವಾರದ ಚಿತ್ರ ತೋರಿಸಿದರೆ ಮಕ್ಕಳು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಇದರಲ್ಲಿ ಮಕ್ಕಳ ದೋಷವಿಲ್ಲ; ನಾವು ಅವರನ್ನು ಕರೆದೊಯ್ದಿಲ್ಲ, ಅಷ್ಟೆ. ಮನೆಯ ಪಕ್ಕದ ಕಲ್ಲಿನ ಭಾಷೆ ತಿಳಿಯದವನಿಗೆ ಸೀನ್ ದಂಡೆಯ ಕಲ್ಲು ಏನನ್ನು ಹೇಳೀತು?

ಆದುದರಿಂದ ನನ್ನ ಸಲಹೆ ಸರಳವಾದುದು. ವಿದೇಶ ಪ್ರಯಾಣಕ್ಕೆ ಹೊರಡುವ ಕುಟುಂಬವು ಅದಕ್ಕೆ ಮುಂಚಿನ ಒಂದು ಭಾನುವಾರ ಮಕ್ಕಳೊಂದಿಗೆ ಕೋಟೆ, ಅರಮನೆ, ಲಾಲ್‌ಬಾಗ್‌ಗಳನ್ನು ನೋಡಲಿ. ಮೂವರು ರಾಯಭಾರಿಗಳ ಕಥೆಯನ್ನು ಅಲ್ಲೇ ಹೇಳಲಿ. ಪ್ಯಾರಿಸ್‌ನಲ್ಲಿ ಪ್ರತಿ ಮಗುವೂ ದಿನಕ್ಕೆ ಒಂದು ಪುಟವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಲಿ. ಅಲ್ಲಿನ ಜನ ಬಸ್ಸಿನಲ್ಲಿ ಪುಸ್ತಕ ಓದುವುದನ್ನು, ಹಳೆಯ ಕಟ್ಟಡವನ್ನು ಕೆಡವದೆ ಕಾಯುವುದನ್ನು ಗಮನಿಸಲಿ. 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ತುತ್ತಾದ ನೋತ್ರ್ ದಾಮ್ ಚರ್ಚನ್ನು ಅವರು ಐದೂವರೆ ವರ್ಷಗಳಲ್ಲಿ ಪುನಃ ಕಟ್ಟಿ 2024ರ ಡಿಸೆಂಬರ್‌ನಲ್ಲಿ ತೆರೆದರು. ನಮ್ಮ ಹಳೆಯ ಮಸೀದಿಗಳನ್ನೂ ದರ್ಗಾಗಳನ್ನೂ ಅಮೃತಶಿಲೆಯ ಆಸೆಗೆ ಕೆಡವುವ ಮುನ್ನ ಈ ಉದಾಹರಣೆಯನ್ನು ನಮ್ಮ ಆಡಳಿತ ಸಮಿತಿಗಳು ಯೋಚಿಸುವುದು ಒಳಿತು. ಮರಳಿ ಬಂದ ಮೇಲೆ ಮಗುವು ಆ ಪುಟಗಳನ್ನು ಮದ್ರಸದಲ್ಲಿ, ಎಂದೂ ವಿಮಾನ ಹತ್ತದ ತನ್ನ ಗೆಳೆಯರ ಮುಂದೆ ಓದಲಿ. ಆಗ ಒಂದು ಮನೆಯ ಪ್ರವಾಸ ಇಡೀ ತರಗತಿಯ ಪಾಲಾಗುತ್ತದೆ.

ಅಂತ್ಯದಿನವೇ ಬಂದೆರಗಿದರೂ ಕೈಯಲ್ಲಿರುವ ಸಸಿಯನ್ನು ನೆಡಲು ಸಾಧ್ಯವಿದ್ದರೆ ನೆಟ್ಟುಬಿಡಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ರಾಜ್ಯವೇ ಅಪಾಯದಲ್ಲಿದ್ದ ದಿನಗಳಲ್ಲಿ ಬೀಜಗಳನ್ನು ಕೇಳಿ ಕಳುಹಿಸಿದ ಈ ನಾಡಿನ ಮುಸ್ಲಿಮರು ಆ ಪಾಠವನ್ನು ಅರಿತಿದ್ದರು. ಪ್ರಯಾಣದ ಅವಕಾಶ ಪಡೆದ ನಾವೂ ಸೂಟ್‌ಕೇಸಿನ ಒಂದು ಮೂಲೆಯಲ್ಲಿ ನೆಡಬಹುದಾದುದಕ್ಕೆ ಸ್ಥಳ ಬಿಟ್ಟು ಹೊರಡೋಣ. ಅಲ್ಲಾಹನು ನಮ್ಮ ಪ್ರಯಾಣಗಳನ್ನು ಸುಗಮಗೊಳಿಸಲಿ, ಕಂಡದ್ದರಿಂದ ಪಾಠ ಕಲಿಯುವ ಹೃದಯವನ್ನೂ ಕಲಿತದ್ದನ್ನು ಹಂಚುವ ಉದಾರತೆಯನ್ನೂ ಕರುಣಿಸಲಿ. ಆಮೀನ್.